ರಾಯಮಂಗಲಕ್ಕೆ ಬಾರದ ಹಡಗು

1915ರ ಜೂನ್ ಕೊನೆ. ಸುಂದರಬನದಲ್ಲಿ ರಾಯಮಂಗಲ ನದಿ ಸಮುದ್ರ ಸೇರುವ ಕಡೆ ಕೆಲವು ಬಂಗಾಳಿ ಕ್ರಾಂತಿಕಾರಿಗಳು ದೋಣಿಯಲ್ಲಿ ಕಾಯುತ್ತಿದ್ದರು. ಅವರಿಗೆ ಸಿಕ್ಕಿದ್ದ ಗುರುತು ಇಷ್ಟೇ: ಹಡಗು ರಾತ್ರಿ ಹೊತ್ತು ಬರುತ್ತದೆ, ಅದರ ಮೇಲೆ ಅಡ್ಡಸಾಲಿನಲ್ಲಿ ದೀಪಗಳು ತೂಗುತ್ತಿರುತ್ತವೆ. ಹಡಗಿನ ಹೆಸರು ಮೇವರಿಕ್. ಒಳಗೆ 30,000 ಬಂದೂಕು, ಒಂದೊಂದಕ್ಕೂ 400 ಗುಂಡು, ಅದರ ಮೇಲೆ ಎರಡು ಲಕ್ಷ ರೂಪಾಯಿ ಇದೆ ಅಂತ ಮಾತು. ಮಾಲು ಇಳಿಸಲು ಆಳು, ದೋಣಿಗಳಿಗೆ ಹತ್ತಿರದ ಒಬ್ಬ ಜಮೀನ್ದಾರರ ಕಡೆಯಿಂದ ಏರ್ಪಾಡಾಗಿತ್ತು. ಜುಲೈ 1ರ ಹೊತ್ತಿಗೆ ಬಂದೂಕು ಹಂಚಲು ಶುರು ಮಾಡಬೇಕು ಅನ್ನುವುದು ಲೆಕ್ಕ.

ಸುಮಾರು ಹತ್ತು ದಿನ ಕಾದರು. ಹಡಗೂ ಬರಲಿಲ್ಲ, ಯಾಕೆ ಬರಲಿಲ್ಲ ಅನ್ನುವ ಸುದ್ದಿಯೂ ಬರಲಿಲ್ಲ.

ಹೆಚ್ಚುಕಮ್ಮಿ ಅದೇ ವಾರ, ಆ ಬಂದೂಕುಗಳು ಭೂಮಿಯ ಇನ್ನೊಂದು ಮಗ್ಗುಲಲ್ಲಿದ್ದವು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೊಕ್ವಿಯಮ್ ಅಂತ ಒಂದು ಸಣ್ಣ ಬಂದರಿದೆ. ಬೇರೊಂದು ಹಡಗು ಅವನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು. ಮೇವರಿಕ್ ಮಾತ್ರ ಖಾಲಿ ಹೊಟ್ಟೆಯಲ್ಲಿ ಪೆಸಿಫಿಕ್ ಸಾಗರ ದಾಟುತ್ತಾ ಜಾವಾ ಕಡೆ ಹೊರಟಿತ್ತು.

ಮೊದಲ ಮಹಾಯುದ್ಧದ ಕಾಲದಲ್ಲಿ, ಬ್ರಿಟಿಷರ ವಿರುದ್ಧ ದಂಗೆಗೆ ಜರ್ಮನಿಯ ನೆರವಿನಿಂದ ಬಂದೂಕು ತರಿಸಲು ಹೊರಟ ಈ ಪ್ರಕರಣವನ್ನು ಸಾಮಾನ್ಯವಾಗಿ ಎರಡು ರೀತಿ ಹೇಳುತ್ತಾರೆ. ಒಂದು ಬ್ರಿಟಿಷ್ ಗೂಢಚಾರರ ಜಾಣತನದ ಕಥೆ. ಇನ್ನೊಂದು ಬಂಗಾಳದ ಕ್ರಾಂತಿಕಾರಿ ನಾಯಕ ಬಾಘಾ ಜತಿನರ ಬಲಿದಾನದ ಕಥೆ. ಎರಡೂ ಸುಳ್ಳಲ್ಲ. ಆದರೆ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ. ಬಂದೂಕು ಯಾರಿಗೆ ಬೇಕಿತ್ತೋ ಅವರಿಗೆ ಅದು ಎಲ್ಲಿದೆ ಅನ್ನುವುದು ಕೊನೆವರೆಗೂ ಗೊತ್ತಿರಲಿಲ್ಲ. ಹಡಗು ಕೊಂಡವರು ಒಬ್ಬರು, ಅದು ಎಲ್ಲಿಗೆ ಹೋಗಬೇಕು ಅಂತ ಹೇಳಿದವರು ಇನ್ನೊಬ್ಬರು, ದೋಣಿಯಲ್ಲಿ ಕೂತು ಕಾದವರು ಮತ್ತೊಬ್ಬರು.

ಬಂದೂಕಿನ ಬರ

ಮೊದಲು ಹಸಿವು ಎಷ್ಟಿತ್ತು ನೋಡೋಣ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಭಾರತೀಯರು ಬಂದೂಕು ಇಟ್ಟುಕೊಳ್ಳುವ ಹಾಗಿರಲಿಲ್ಲ. ಬಂಗಾಳದ ಕ್ರಾಂತಿಕಾರಿಗಳು ಬಾಂಬು ತಯಾರಿಸುವುದನ್ನು ಕಲಿತಿದ್ದರು. ಬಂದೂಕು ತಯಾರಿಸುವುದು ಆ ಮಾತಲ್ಲ. 1914ರ ಆಗಸ್ಟ್ 26ರಂದು ಕಲ್ಕತ್ತದ ರೋಡಾ ಕಂಪನಿಗೆ ಬಂದ ಮಾಲಿನಲ್ಲಿ 50 ಮೌಸರ್ ಪಿಸ್ತೂಲು ಮತ್ತು 46,000 ಗುಂಡುಗಳನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹಗಲಲ್ಲೇ ಮಾಯ ಮಾಡಿದರು. ಅದು ಬಂಗಾಳದಾದ್ಯಂತ ಸುದ್ದಿಯಾಯಿತು. ಐವತ್ತು ಪಿಸ್ತೂಲು! ಅಷ್ಟಕ್ಕೇ ಹಬ್ಬ. ಅಂಥವರಿಗೆ ಯಾರಾದರೂ ಬಂದು 30,000 ಬಂದೂಕು ಕೊಡುತ್ತೇವೆ ಅಂದರೆ ತಲೆ ತಿರುಗದೆ ಇರುತ್ತದಾ?

ಅತ್ತ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಗದರ್ ಪಕ್ಷ ಇತ್ತು. 1913ರಲ್ಲಿ ಹುಟ್ಟಿದ ಪಕ್ಷ. ಹೆಚ್ಚಿನವರು ಪಂಜಾಬಿನಿಂದ ಹೋಗಿ ಮರದ ಮಿಲ್ಲು, ತೋಟ, ರೈಲು ಕೆಲಸಕ್ಕೆ ಸೇರಿದವರು. ಸೋಹನ್ ಸಿಂಗ್ ಭಾಕ್ನಾ ಅಧ್ಯಕ್ಷ, ಲಾಲಾ ಹರದಯಾಳ್ ಕಾರ್ಯದರ್ಶಿ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಯುಗಾಂತರ ಆಶ್ರಮ ಅನ್ನುವ ಕಚೇರಿ. ಅವರ ಹತ್ತಿರ ಜನ ಇದ್ದರು, ಪತ್ರಿಕೆ ಇತ್ತು, ಸಿಟ್ಟು ಬೇಕಾದಷ್ಟಿತ್ತು. 1914ರ ಬೇಸಿಗೆಯಲ್ಲಿ ಕೊಮಾಗಾಟಾ ಮಾರು ಹಡಗಿನ 376 ಪ್ರಯಾಣಿಕರನ್ನು ವ್ಯಾಂಕೂವರಿನಲ್ಲಿ ಎರಡು ತಿಂಗಳು ಸಮುದ್ರದಲ್ಲೇ ನಿಲ್ಲಿಸಿ, ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನೆಲ್ಲ ವಾಪಸ್ ಅಟ್ಟಿದ ಮೇಲಂತೂ ಆ ಸಿಟ್ಟು ಇನ್ನೂ ಜಾಸ್ತಿಯಾಯಿತು.

1914ರ ಆಗಸ್ಟ್ 4ಕ್ಕೆ ಬ್ರಿಟನ್ನು ಜರ್ಮನಿ ಮೇಲೆ ಯುದ್ಧ ಸಾರಿತು. ಶತ್ರುವಿನ ಶತ್ರು ಸಿಕ್ಕಿದ.

ಸಾಲ ಅಂತಲೇ ಬರೆದುಕೊಳ್ಳಿ

ಬರ್ಲಿನ್ನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಮತ್ತು ದೇಶಭ್ರಷ್ಟರು ಸೇರಿ ಒಂದು ಸಮಿತಿ ಮಾಡಿಕೊಂಡರು. ಮುಂದೆ ನಿಂತವರು ವೀರೇಂದ್ರನಾಥ ಚಟ್ಟೋಪಾಧ್ಯಾಯ. ಹೈದರಾಬಾದಿನವರು, ಸರೋಜಿನಿ ನಾಯ್ಡು ಅವರ ತಮ್ಮ. ನಮ್ಮ ಮಂಗಳೂರಿನ ಕಮಲಾದೇವಿ ಮದುವೆಯಾದ ಹರೀಂದ್ರನಾಥರು ಇವರ ಕಿರಿಯ ತಮ್ಮ. ಹಾಗಾಗಿ ವೀರೇಂದ್ರನಾಥರು ಕಮಲಾದೇವಿಗೆ ಭಾವ ಆಗಬೇಕು. ತಿರುವನಂತಪುರದ ಚಂಪಕರಾಮನ್ ಪಿಳ್ಳೈ ಕೂಡ ಸಮಿತಿಯಲ್ಲಿದ್ದರು. ಅಮೆರಿಕದಿಂದ ತಪ್ಪಿಸಿಕೊಂಡು ಬಂದಿದ್ದ ಹರದಯಾಳ್ ಆಮೇಲೆ ಸೇರಿಕೊಂಡರು.

ಇವರು ಜರ್ಮನ್ ಸರ್ಕಾರದ ಮುಂದೆ ಇಟ್ಟ ಒಂದು ಮಾತು ನನಗೆ ಇಷ್ಟ. ನೀವು ಕೊಡುವ ದುಡ್ಡು ದಾನ ಅಲ್ಲ, ಸಾಲ. ಸ್ವಾತಂತ್ರ್ಯ ಬಂದ ಮೇಲೆ ತೀರಿಸುತ್ತೇವೆ. ಕೈಚಾಚಿ ನಿಂತವರ ಬಾಯಲ್ಲಿ ಈ ಮಾತು ಬರಬೇಕಾದರೆ ಗಟ್ಟಿ ಮನಸ್ಸು ಬೇಕು. ಆದರೆ ಸಾಲ ಅಂತ ಹೆಸರು ಕೊಟ್ಟ ಮಾತ್ರಕ್ಕೆ ಹಗ್ಗ ಸಾಲಗಾರನ ಕೈಗೆ ಬರುವುದಿಲ್ಲವಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅಂತಾರೆ ನಮ್ಮಲ್ಲಿ. ಇಲ್ಲಿ ಪೂರಾ ಉಲ್ಟಾ. ಯಾವ ಬಂದೂಕು ಕೊಳ್ಳಬೇಕು, ಯಾವ ಹಡಗು, ಯಾವ ಬಂದರು, ಯಾವಾಗ ಅನ್ನುವುದೆಲ್ಲ ಕೊಟ್ಟವರ ಮೇಜಿನ ಮೇಲೇ ಉಳಿಯಿತು.

ಜರ್ಮನಿಗೆ ಬೇಕಿದ್ದದ್ದೂ ಗುಟ್ಟೇನಲ್ಲ. ಭಾರತದಲ್ಲಿ ಗಲಾಟೆ ಎದ್ದರೆ ಬ್ರಿಟಿಷ್ ಸೈನ್ಯ ಅಲ್ಲೇ ಸಿಕ್ಕಿಬೀಳುತ್ತದೆ, ಫ್ರಾನ್ಸಿನ ಕಂದಕಗಳಿಗೆ ಬರುವವರು ಕಡಿಮೆಯಾಗುತ್ತಾರೆ. ಸ್ವತಂತ್ರ ಭಾರತ ಅವರ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇನೂ ಇರಲಿಲ್ಲ.

ನ್ಯೂಯಾರ್ಕಿನ ಖರೀದಿ, ಸ್ಯಾನ್ ಡಿಯಾಗೊದ ನಾಟಕ

ವಾಷಿಂಗ್ಟನ್ನಿನ ಜರ್ಮನ್ ರಾಯಭಾರ ಕಚೇರಿಯಲ್ಲಿ ಸೈನ್ಯದ ಪ್ರತಿನಿಧಿ ಫ್ರಾಂಟ್ಸ್ ಫಾನ್ ಪಾಪೆನ್. ಹೌದು, 1932ರಲ್ಲಿ ಜರ್ಮನಿಯ ಚಾನ್ಸಲರ್ ಆಗಿ, ಮರುವರ್ಷ ಹಿಟ್ಲರನ ಉಪಚಾನ್ಸಲರ್ ಆದ ಅದೇ ಪಾಪೆನ್. ಅವನ ಪರವಾಗಿ ಬಂದೂಕು ಕೊಂಡವನು ಕ್ರುಪ್ ಕಂಪನಿಯ ನ್ಯೂಯಾರ್ಕ್ ಏಜೆಂಟ್ ಹಾನ್ಸ್ ಟೌಷರ್.

ಕೊಂಡ ಮಾಲಿನ ಪಟ್ಟಿ ಸಾಮಾನ್ಯವಾಗಿ ಹೀಗೆ ಸಿಗುತ್ತದೆ: 8,080 ಸ್ಪ್ರಿಂಗ್‌ಫೀಲ್ಡ್ ರೈಫಲ್, 2,400 ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್, 410 ಹಾಚ್‌ಕಿಸ್ ರೈಫಲ್, 500 ಕೋಲ್ಟ್ ರಿವಾಲ್ವರ್, 250 ಮೌಸರ್ ಪಿಸ್ತೂಲು, 40 ಲಕ್ಷ ಗುಂಡು. ರೈಫಲ್‌ಗಳು 1898ರಲ್ಲಿ ಅಮೆರಿಕ ಸ್ಪೇನಿನ ಜೊತೆ ಯುದ್ಧ ಮಾಡಿದ ಕಾಲದವು. ಅಂದರೆ ಹಳೇ ಮಾಲು. ಈಗ ಸುಮ್ನೆ ಒಂದು ಕೂಡುವ ಲೆಕ್ಕ ಮಾಡಿ. ಉದ್ದ ಬಂದೂಕುಗಳೆಲ್ಲ ಸೇರಿ 10,890. ಬಂಗಾಳದವರಿಗೆ ಹೇಳಿದ್ದು 30,000. ಗುಂಡಿನ ಲೆಕ್ಕವೂ ಅಷ್ಟೇ. 30,000ಕ್ಕೆ ತಲಾ 400 ಅಂದರೆ 1 ಕೋಟಿ 20 ಲಕ್ಷ ಆಗಬೇಕು, ಇದ್ದದ್ದು 40 ಲಕ್ಷ. ದೋಣಿಯಲ್ಲಿ ಕಾದವರು ಕಾಯುತ್ತಿದ್ದದ್ದು ಇದ್ದುದರ ಮೂರು ಪಟ್ಟಿಗೆ. ಮಾತು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಾಗ ಬೆಳೆಯಿತೋ, ಬೇಕಂತಲೇ ಬೆಳೆಸಿದರೋ, ಅಂತೂ ಸಂಖ್ಯೆ ಊದಿಕೊಂಡಿತ್ತು.

ಅಮೆರಿಕ ಆಗ ಇನ್ನೂ ಯುದ್ಧಕ್ಕಿಳಿದಿರಲಿಲ್ಲ. ತಟಸ್ಥ ದೇಶದ ನೆಲದಿಂದ ಇನ್ನೊಂದು ದೇಶದ ಮೇಲೆ ದಂಡು ಕಟ್ಟುವುದು ಅಲ್ಲಿನ ಕಾನೂನಿಗೆ ವಿರುದ್ಧ. ಅದಕ್ಕೊಂದು ವೇಷ ಬೇಕಾಯಿತು. ಮೆಕ್ಸಿಕೊದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಮಾಲು ಕರಾಂಜಾ ಪಕ್ಷಕ್ಕೆ ಹೋಗುತ್ತಿದೆ ಅಂತ ಕಾಗದಪತ್ರ ಮಾಡಿದರು. ವೇಷ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಎದುರಾಳಿ ವಿಲ್ಲಾ ಪಕ್ಷದವರು ಬಂದು ಮಾಲನ್ನು ನಮ್ಮ ಬಂದರಿಗೆ ತಿರುಗಿಸಿ, 15,000 ಡಾಲರ್ ಕೊಡುತ್ತೇವೆ ಅಂದರಂತೆ. ಬಂಗಾಳಕ್ಕೆ ಹೋಗಬೇಕಾದ ಬಂದೂಕಿಗೆ ಮೆಕ್ಸಿಕೊದಲ್ಲಿ ಹರಾಜು!

ಬಂದೂಕು ಹೊರಲು ಸ್ಯಾನ್ ಡಿಯಾಗೊದಲ್ಲಿ ಆನಿ ಲಾರ್ಸೆನ್ ಅನ್ನುವ ಹಾಯಿಹಡಗನ್ನು ಗೊತ್ತು ಮಾಡಿದರು. ಅದು ಸಾಗರ ದಾಟಿ ಏಷ್ಯಾಕ್ಕೆ ಹೋಗುವ ಹಡಗಲ್ಲ. ಹಾಗಾಗಿ ಇನ್ನೊಂದು ಬೇಕು. ಎಫ್. ಜೆಬ್ಸೆನ್ ಅನ್ನುವ ಜರ್ಮನ್ ಹಡಗು ಕಂಪನಿಯ ಹೆಸರಿನಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಒಂದು ಹಳೇ ಎಣ್ಣೆಹಡಗು ಕೊಂಡರು. ಅದೇ ಮೇವರಿಕ್. ಎರಡೂ ಬೇರೆ ಬೇರೆ ಬಂದರಿನಿಂದ ಹೊರಟು, ಮೆಕ್ಸಿಕೊದ ಪಶ್ಚಿಮಕ್ಕಿರುವ ಸೊಕೊರೊ ದ್ವೀಪದ ಹತ್ತಿರ ಸೇರಬೇಕು. ಅಲ್ಲಿ ಮಾಲು ಬದಲಾಯಿಸಬೇಕು. ಮೇವರಿಕ್‌ನ ಕ್ಯಾಪ್ಟನ್ನಿಗೆ ಸಿಕ್ಕಿದ್ದ ಸೂಚನೆ ಓದಿದರೆ ಮೈ ಜುಮ್ ಅನ್ನುತ್ತದೆ. ರೈಫಲ್‌ಗಳನ್ನು ಖಾಲಿ ಎಣ್ಣೆ ಟ್ಯಾಂಕಿಗೆ ಹಾಕಿ ಮೇಲೆ ಎಣ್ಣೆ ತುಂಬಬೇಕು. ಗುಂಡುಗಳನ್ನು ಇನ್ನೊಂದು ಟ್ಯಾಂಕಿಗೆ ತುಂಬಬೇಕು. ತೀರಾ ಸಿಕ್ಕಿಬೀಳುವ ಹಾಗಾದರೆ ಹಡಗನ್ನೇ ಮುಳುಗಿಸಬೇಕು.

ನೀರು ಮುಗಿದ ದ್ವೀಪ

ಸೊಕೊರೊ ಅಂದರೆ ಸ್ಪ್ಯಾನಿಷ್‌ನಲ್ಲಿ ಸಹಾಯ, ನೆರವು ಅಂತ ಅರ್ಥ. ಮೆಕ್ಸಿಕೊ ಕರಾವಳಿಯಿಂದ ಸುಮಾರು 600 ಕಿ.ಮೀ. ದೂರದ ಜ್ವಾಲಾಮುಖಿ ದ್ವೀಪ. ಕುಡಿಯುವ ನೀರಿಗೆ ಅಲ್ಲಿ ಪರದಾಟ. ಗುಟ್ಟಿನ ಭೇಟಿಗೆ ಒಳ್ಳೇ ಜಾಗ, ವಾರಗಟ್ಟಲೆ ಕಾಯುವುದಕ್ಕೆ ಕೆಟ್ಟ ಜಾಗ.

ಆನಿ ಲಾರ್ಸೆನ್ 1915ರ ಮಾರ್ಚ್ 8ಕ್ಕೆ ಸ್ಯಾನ್ ಡಿಯಾಗೊ ಬಿಟ್ಟಿತು. ಹೋಗಿ ಸೊಕೊರೊ ಹತ್ತಿರ ಲಂಗರು ಹಾಕಿತು. ಕಾದರು. ಮೇವರಿಕ್ ಬರಲಿಲ್ಲ. ಹೇಗೆ ಬಂದೀತು? ಅದು ಇನ್ನೂ ಕ್ಯಾಲಿಫೋರ್ನಿಯಾದಲ್ಲೇ ಇತ್ತು. ಹಳೇ ಹಡಗು, ರಿಪೇರಿ ಮುಗಿದಿರಲಿಲ್ಲ. ಅದನ್ನು ಆನಿ ಲಾರ್ಸೆನ್‌ಗೆ ತಿಳಿಸಲು ಯಾವ ದಾರಿಯೂ ಇರಲಿಲ್ಲ. ಏಪ್ರಿಲ್ ಮಧ್ಯದ ಹೊತ್ತಿಗೆ ಹಾಯಿಹಡಗಿನಲ್ಲಿ ಕುಡಿಯುವ ನೀರು ತಳ ಕಂಡಿತು. ನೀರು ತರಲು ಮೆಕ್ಸಿಕೊ ಕರಾವಳಿಗೆ ಹೋಗುತ್ತೇವೆ, ವಾಪಸ್ ಬರುತ್ತೇವೆ, ದಯವಿಟ್ಟು ಕಾಯಿರಿ ಅಂತ ಒಂದು ಚೀಟಿ ಬಿಟ್ಟು ಏಪ್ರಿಲ್ 17ಕ್ಕೆ ಹೊರಟರು.

ಮೇವರಿಕ್ ಸ್ಯಾನ್ ಪೆಡ್ರೊ ಬಂದರನ್ನು ಬಿಟ್ಟದ್ದು ಅದಾದ ಐದಾರು ದಿನದ ಮೇಲೆ. ಸೊಕೊರೊ ತಲುಪಿದ್ದು ಏಪ್ರಿಲ್ 29ಕ್ಕೆ. ಹನ್ನೆರಡು ದಿನದ ಅಂತರ.

ಆನಿ ಲಾರ್ಸೆನ್ ಅಕಾಪುಲ್ಕೊಗೆ ಹೋಗಿ ನೀರು, ಸಾಮಾನು ತುಂಬಿಕೊಂಡಿತು. ವಾಪಸ್ ಬರಲು ಹೊರಟರೆ ಗಾಳಿ ಎದುರು. ಹಾಯಿಹಡಗಿಗೆ ಎದುರುಗಾಳಿ ಅಂದರೆ ಗೋಡೆ ಇದ್ದ ಹಾಗೆ. ದಿನಗಟ್ಟಲೆ ಒದ್ದಾಡಿ ಕೈಬಿಟ್ಟು ಉತ್ತರಕ್ಕೆ ತಿರುಗಿದರು. ಕೊನೆಗೆ ಹೊಕ್ವಿಯಮ್. ಕಸ್ಟಮ್ಸ್ ಅಧಿಕಾರಿಗಳು ಮಾಲು ಮುಟ್ಟುಗೋಲು ಹಾಕಿದರು. ಜರ್ಮನ್ ರಾಯಭಾರಿ ಬೆರ್ನ್‌ಸ್ಟಾರ್ಫ್ ಇದು ನಮ್ಮ ದೇಶದ ಆಸ್ತಿ, ವಾಪಸ್ ಕೊಡಿ ಅಂತ ಕೇಳಿದ. ಅಮೆರಿಕ ಕೊಡಲಿಲ್ಲ.

ಮೇವರಿಕ್‌ನಲ್ಲಿ 25 ಮಂದಿ ಸಿಬ್ಬಂದಿ. ಅವರಲ್ಲದೆ ಊಟ ಬಡಿಸುವ ಕೆಲಸಕ್ಕೆ ಅಂತ ಸೇರಿದ ಐದು ಜನ 'ಪರ್ಷಿಯನ್ನರು'. ಪರ್ಷಿಯಾದ ಮುಖವನ್ನೂ ನೋಡದವರು, ಐವರೂ ಭಾರತೀಯರು. ಅವರನ್ನು ಹತ್ತಿಸಿದವರು ಸ್ಯಾನ್ ಫ್ರಾನ್ಸಿಸ್ಕೊ ಜರ್ಮನ್ ಕಾನ್ಸುಲೇಟಿನ ಫಾನ್ ಬ್ರಿಂಕೆನ್ ಮತ್ತು ಹರದಯಾಳರ ನಂತರ ಗದರ್ ಪಕ್ಷ ನಡೆಸುತ್ತಿದ್ದ ರಾಮಚಂದ್ರ. ಐವರಲ್ಲಿ ಒಬ್ಬ ಹರಿ ಸಿಂಗ್, ಪಂಜಾಬಿ. ಅವನ ಟ್ರಂಕುಗಳ ತುಂಬ ಗದರ್ ಸಾಹಿತ್ಯ. ಸೊಕೊರೊದಲ್ಲಿ ಕಾಯುತ್ತಿದ್ದಾಗ ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಬ್ರಿಟಿಷ್ ಯುದ್ಧನೌಕೆ ಕೆಂಟ್ ಬಂತು. ಅಷ್ಟರಲ್ಲಿ ಆ ಕಾಗದವನ್ನೆಲ್ಲ ಹಡಗಿನ ಒಲೆಗೆ ಹಾಕಿ ಸುಟ್ಟರು. ಬ್ರಿಟಿಷರು ಹತ್ತಿ ನೋಡಿದರೆ ಖಾಲಿ ಹಡಗು. ಏನಂತ ಹಿಡಿಯುತ್ತಾರೆ?

ಆ ಐವರು ಏನು ಅಂದುಕೊಂಡಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇಡೀ ಯೋಜನೆಯಲ್ಲಿ ಸಮುದ್ರದ ಮೇಲಿದ್ದ ಭಾರತೀಯರು ಅವರೇ. ಅವರ ಕೈಲಿದ್ದದ್ದು ತಟ್ಟೆ, ಲೋಟ ಮತ್ತು ಒಂದಿಷ್ಟು ಕರಪತ್ರ. ಕೊನೆಗೆ ಕರಪತ್ರವೂ ಬೂದಿ. ಸುಮಾರು ಒಂದು ತಿಂಗಳು ಕಾದು ಮೇವರಿಕ್ ಹವಾಯಿ ಮಾರ್ಗವಾಗಿ ಜಾವಾಕ್ಕೆ ಹೊರಟಿತು. ಅಲ್ಲಿ ಡಚ್ಚರು ತಪಾಸಣೆ ಮಾಡಿದರು. ಅವರಿಗೂ ಸಿಕ್ಕಿದ್ದು ಖಾಲಿ ಟ್ಯಾಂಕು.

ವ್ಯಾಪಾರ ಅನುಕೂಲವಾಗಿದೆ

ಈಗ ಬಂಗಾಳಕ್ಕೆ ಬರೋಣ. ಇಲ್ಲಿ ನಾಯಕ ಜತೀಂದ್ರನಾಥ ಮುಖರ್ಜಿ. ಕಠಾರಿಯಲ್ಲಿ ಹುಲಿ ಕೊಂದದ್ದಕ್ಕೆ ಬಾಘಾ ಜತಿನ್ ಅಂತ ಹೆಸರಾದವರು. 1915ರ ಮಾರ್ಚಿನಲ್ಲಿ ಯುರೋಪಿನಿಂದ ಜಿತೇಂದ್ರನಾಥ ಲಾಹಿರಿ ಅನ್ನುವವರು ಬಂದು, ಜರ್ಮನ್ನರು ಸಹಾಯ ಮಾಡುತ್ತಾರಂತೆ, ಬಟೇವಿಯಾಕ್ಕೆ ಒಬ್ಬರನ್ನು ಕಳಿಸಿ ಅಂದರು. ಬಟೇವಿಯಾ ಅಂದರೆ ಇವತ್ತಿನ ಜಕಾರ್ತಾ. ಏಪ್ರಿಲಿನಲ್ಲಿ ನರೇಂದ್ರನಾಥ ಭಟ್ಟಾಚಾರ್ಯ ಹೊರಟರು, ಸಿ. ಮಾರ್ಟಿನ್ ಅನ್ನುವ ಹೆಸರಿನಲ್ಲಿ. ಮುಂದೆ ಅಮೆರಿಕಕ್ಕೆ ಹೋಗಿ ಇನ್ನೊಂದು ಹೆಸರು ಇಟ್ಟುಕೊಂಡರು. ಆ ಹೆಸರು ಎಲ್ಲರಿಗೂ ಗೊತ್ತು: ಎಂ. ಎನ್. ರಾಯ್.

ಬಟೇವಿಯಾದ ಜರ್ಮನ್ ಕಾನ್ಸಲ್ ಮಾರ್ಟಿನ್‌ರನ್ನು ಥಿಯೋಡರ್ ಹೆಲ್ಫೆರಿಕ್ ಅನ್ನುವವನಿಗೆ ಪರಿಚಯ ಮಾಡಿಸಿದ. ಅವನು ಹೇಳಿದ ಮೊದಲ ಮಾತೇ ಈ ಪ್ರಕರಣದ ಕೀಲಿ. ನಿಮ್ಮ ಕ್ರಾಂತಿಗೆ ಆಗಲೇ ಒಂದು ಹಡಗು ತುಂಬ ಬಂದೂಕು ಹೊರಟಿದೆ, ಅದು ಕರಾಚಿಗೆ ಹೋಗುತ್ತಿದೆ ಅಂದ.

ಕರಾಚಿಗೆ!

ಕಾಯುತ್ತಿದ್ದವರು ಬಂಗಾಳದಲ್ಲಿ. ಕರಾಚಿ ಅನ್ನುವ ತೀರ್ಮಾನ ಯಾರದು, ಯಾರನ್ನು ಕೇಳಿ ಮಾಡಿದ್ದು? ಮನಸ್ಸಿನಲ್ಲಿದ್ದದ್ದು ಪಂಜಾಬ್ ಅಂತ ಇಟ್ಟುಕೊಂಡರೂ ಅಲ್ಲಿನ ದಂಗೆಯ ಕಥೆ ಮುಗಿದಿತ್ತು. 1915ರ ಫೆಬ್ರವರಿ 21ಕ್ಕೆ ಗೊತ್ತಾಗಿದ್ದ ದಂಗೆ, ಒಳಗೇ ಸೇರಿಕೊಂಡಿದ್ದ ಕಿರ್ಪಾಲ್ ಸಿಂಗ್ ಅನ್ನುವ ಪೊಲೀಸ್ ಗೂಢಚಾರನ ಕಾರಣಕ್ಕೆ ಬಯಲಾಯಿತು. ದಿನ ಹಿಂದಕ್ಕೆ ತಂದು 19 ಮಾಡಿದರೂ ಉಳಿಯಲಿಲ್ಲ. ಆನಿ ಲಾರ್ಸೆನ್ ಸ್ಯಾನ್ ಡಿಯಾಗೊ ಬಿಟ್ಟದ್ದು ಮಾರ್ಚ್ 8ಕ್ಕೆ. ಅಂದರೆ ಬಂದೂಕು ಹೊತ್ತ ಹಡಗು ಬಂದರು ಬಿಡುವ ಮೊದಲೇ ಪಂಜಾಬಿನ ಹುಡುಗರು ಜೈಲಿನಲ್ಲಿದ್ದರು.

ಮಾರ್ಟಿನ್ ಹಟ ಹಿಡಿದು ಹಡಗನ್ನು ಬಂಗಾಳಕ್ಕೆ ತಿರುಗಿಸಿ ಅಂದರು. ಹೆಲ್ಫೆರಿಕ್ ತಾನಾಗಿ ಹೂಂ ಅನ್ನುವ ಹಾಗಿರಲಿಲ್ಲ. ವಿಷಯ ಶಾಂಘಾಯ್‌ನ ಜರ್ಮನ್ ಕಾನ್ಸಲ್ ಜನರಲ್‌ಗೆ ಹೋಗಿ, ಒಪ್ಪಿಗೆ ಬಂತು. ಬಂಗಾಳದಲ್ಲಿ ಇಳಿಯಬೇಕಾದ ಬಂದೂಕಿನ ವಿಳಾಸಕ್ಕೆ ಶಾಂಘಾಯ್‌ನಲ್ಲಿ ರುಜು ಬಿತ್ತು. ಇಷ್ಟೆಲ್ಲ ಮಾತುಕತೆ ನಡೆಯುವ ಹೊತ್ತಿಗೆ ಅತ್ತ ಬಂದೂಕೂ ಹಡಗೂ ಒಂದನ್ನೊಂದು ತಪ್ಪಿಸಿಕೊಂಡು ಅಲೆಯುತ್ತಿದ್ದವು. ಇತ್ತ ಮೇಜಿನ ಸುತ್ತ ಕೂತವರು ಇಲ್ಲದ ಹಡಗಿಗೆ ದಾರಿ ಹೇಳುತ್ತಿದ್ದರು.

ಮಾರ್ಟಿನ್ ಕಲ್ಕತ್ತಕ್ಕೆ ತಂತಿ ಕೊಟ್ಟರು: ವ್ಯಾಪಾರ ಅನುಕೂಲವಾಗಿದೆ. ತಂತಿ ಹೋದದ್ದು ಹ್ಯಾರಿ ಆಂಡ್ ಸನ್ಸ್ ಅನ್ನುವ ಅಂಗಡಿಗೆ. ಹೆಸರಿಗೆ ವ್ಯಾಪಾರ, ನಡೆಸುತ್ತಿದ್ದವರು ಕ್ರಾಂತಿಕಾರಿ ಹರಿಕುಮಾರ ಚಕ್ರವರ್ತಿ. ಹರಿ ಹೋಗಿ ಹ್ಯಾರಿ! ಜೂನಿನಲ್ಲಿ ಹ್ಯಾರಿ ಆಂಡ್ ಸನ್ಸ್ ದುಡ್ಡು ಕಳಿಸಿ ಅಂತ ತಂತಿ ಕೊಟ್ಟಿತು. ಜೂನಿನಿಂದ ಆಗಸ್ಟ್‌ವರೆಗೆ ಬಟೇವಿಯಾದಿಂದ ಒಟ್ಟು 43,000 ರೂಪಾಯಿ ಬಂತು. ಸರ್ಕಾರಕ್ಕೆ ಗೊತ್ತಾಗುವಷ್ಟರಲ್ಲಿ 33,000 ಕೈ ಸೇರಿತ್ತು. ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಭಾರತಕ್ಕೆ ತಲುಪಿದ ಜರ್ಮನ್ ನೆರವು ಇದೇ.

ಜೂನ್ ಮಧ್ಯದಲ್ಲಿ ಮಾರ್ಟಿನ್ ವಾಪಸ್ ಬಂದರು. ಯೋಜನೆ ಸಿದ್ಧವಾಯಿತು. ಬಂದೂಕನ್ನು ಮೂರು ಪಾಲು ಮಾಡುವುದು. ಪೂರ್ವ ಬಂಗಾಳಕ್ಕೆ ಹಾತಿಯಾ ದ್ವೀಪ, ಆಮೇಲೆ ಕಲ್ಕತ್ತ, ಆಮೇಲೆ ಒಡಿಶಾದ ಬಾಲಸೋರ್. ಹೊರಗಿನ ಸೈನ್ಯ ಬಂಗಾಳಕ್ಕೆ ಬರದ ಹಾಗೆ ಮೂರು ರೈಲು ಮಾರ್ಗದ ಸೇತುವೆ ಹಾರಿಸುವುದು. ಮದ್ರಾಸ್ ಕಡೆಯದು ಬಾಲಸೋರಿನಿಂದ ಜತಿನ್ ನೋಡಿಕೊಳ್ಳಬೇಕು. ಬಂಗಾಳ–ನಾಗಪುರ ಮಾರ್ಗಕ್ಕೆ ಚಕ್ರಧರಪುರಕ್ಕೆ ಹೋಗಬೇಕಾದವರು ಭೋಲಾನಾಥ ಚಟರ್ಜಿ. ಈ ಹೆಸರು ನೆನಪಿರಲಿ. ಈಸ್ಟ್ ಇಂಡಿಯನ್ ರೈಲ್ವೆಯ ಅಜಯ್ ನದಿ ಸೇತುವೆ ಸತೀಶ ಚಕ್ರವರ್ತಿ ಪಾಲಿಗೆ. ಅತುಲ್ ಘೋಷ್ ರಾಯಮಂಗಲಕ್ಕೆ ಜನ ಕಳಿಸಿದರು.

ಮುಂದಿನದು ಮೊದಲೇ ಹೇಳಿದೆ.

ಕಾರವಾರದ ದಕ್ಷಿಣಕ್ಕೆ

ಜುಲೈ 3ಕ್ಕೆ ಬ್ಯಾಂಕಾಕಿನಿಂದ ಒಬ್ಬ ಬಂಗಾಳಿ ಬಂದ. ಸಯಾಮಿನ (ಇವತ್ತಿನ ಥಾಯ್ಲೆಂಡ್) ಜರ್ಮನ್ ಕಾನ್ಸಲ್ 5,000 ಬಂದೂಕು, ಒಂದು ಲಕ್ಷ ರೂಪಾಯಿಯನ್ನು ದೋಣಿಯಲ್ಲಿ ರಾಯಮಂಗಲಕ್ಕೆ ಕಳಿಸುತ್ತಿದ್ದಾನೆ ಅಂತ ಸುದ್ದಿ ತಂದ. ಇಲ್ಲಿದ್ದವರಿಗೆ ಗೊಂದಲ. ಮೇವರಿಕ್ ಬದಲಿಗೆ ಇದಾ? 30,000 ಹೋಗಿ 5,000 ಆಯಿತಾ? ಬಟೇವಿಯಾ ಮೇಲೆ ವಾಪಸ್ ಹೋಗಿ ಹೆಲ್ಫೆರಿಕ್‌ಗೆ ಹೇಳು, ಮೊದಲಿನ ಯೋಜನೆ ಬದಲಾಯಿಸುವುದು ಬೇಡ ಅಂತ ಅವನನ್ನು ಕಳಿಸಿದರು. ಬೇರೆ ಮಾಲೇನಾದರೂ ಬರುವುದಿದ್ದರೆ ಇಂಥಿಂಥ ಕಡೆ ಇಳಿಸಬಹುದು ಅಂತಲೂ ಹೇಳಿದರು. ಹಾತಿಯಾ, ಬಾಲಸೋರ್, ಇಲ್ಲವೇ ಪಶ್ಚಿಮ ಕರಾವಳಿಯಲ್ಲಿ ಕಾರವಾರದ ದಕ್ಷಿಣಕ್ಕಿರುವ 'ಗೋಕರ್ಣಿ'.

ಸರ್ಕಾರಿ ವರದಿಯಲ್ಲಿ ಈ ಹೆಸರು ಮೊದಲ ಸಲ ಕಂಡಾಗ ಎರಡೆರಡು ಸಲ ಓದಿದೆ. ಕಾರವಾರದ ದಕ್ಷಿಣಕ್ಕೆ ಅಂದಮೇಲೆ ನಮ್ಮ ಗೋಕರ್ಣವೇ. ಬಟೇವಿಯಾದ ಮಾಲು ಮಹಾಬಲೇಶ್ವರನ ಊರಿನಲ್ಲಿ ಇಳಿದಿದ್ದರೆ ಹೊತ್ತುಕೊಂಡು ಹೋಗುವವರು ಯಾರಿದ್ದರು, ಎಲ್ಲಿಗೆ ಒಯ್ಯುತ್ತಿದ್ದರು ಅನ್ನುವುದಕ್ಕೆ ಆ ಸಾಲಿನಲ್ಲಿ ಉತ್ತರ ಇಲ್ಲ. ನಕ್ಷೆ ನೋಡಿ ಬೆರಳಿಟ್ಟ ಹಾಗಿದೆ. ಒಂದು ಹಡಗೂ ಬಾರದವರು ಇನ್ನಷ್ಟು ಹಡಗುಗಳಿಗೆ ಬಂದರು ಹುಡುಕುತ್ತಿದ್ದರು.

ಕೆಡಿಸಿದ್ದು ಯಾರು?

ಗೂಢಚಾರರು ಅಂತ ಸುಲಭವಾಗಿ ಹೇಳಬಹುದು. ಅವರು ಇದ್ದರು, ಎಲ್ಲ ಕಡೆಯೂ ಇದ್ದರು. ಯುದ್ಧ ಶುರುವಾದ ಮರುದಿನವೇ ಬ್ರಿಟನ್ನು ಜರ್ಮನಿಯ ಸಮುದ್ರದಡಿಯ ತಂತಿಗಳನ್ನು ಕತ್ತರಿಸಿತ್ತು. ಬರ್ಲಿನ್ನಿನ ಸಂದೇಶಗಳು ಪರದೇಶದ ತಂತಿಗಳಲ್ಲಿ ಸುತ್ತುಹಾಕಿ ಹೋಗಬೇಕಿತ್ತು, ಬ್ರಿಟಿಷರು ಕದ್ದು ಓದುತ್ತಿದ್ದರು. ಆದರೆ ರಾಯಮಂಗಲದ ಗುಟ್ಟು ಭಾರತ ಸರ್ಕಾರಕ್ಕೆ ತಿಳಿದದ್ದು ಜುಲೈಯಲ್ಲಿ. ಯೋಜನೆ ಸತ್ತದ್ದು ಏಪ್ರಿಲಿನಲ್ಲಿ, ಸೊಕೊರೊದಲ್ಲಿ. ರಿಪೇರಿ ಮುಗಿಯದ ಹಡಗು, ಮುಗಿದುಹೋದ ನೀರು, ಎದುರುಗಾಳಿ. ಪೊಲೀಸರು ಬಂದದ್ದು ಹೆಣ ಎತ್ತಲು.

ರಿಪೇರಿ ತಡವಾಗುವುದು ಯಾರಿಗಾದರೂ ಆಗುವ ಮಾತು. ಅದೊಂದರಿಂದಲೇ ಕೆಟ್ಟಿತು ಅಂತ ನಾನು ಹೇಳುವುದಿಲ್ಲ. ತಡವಾಗಿದೆ ಅನ್ನುವ ಒಂದು ಸಾಲು ಸ್ಯಾನ್ ಪೆಡ್ರೊದಿಂದ ರಾಯಮಂಗಲಕ್ಕೆ ಬರಬೇಕಾದರೆ ಎಷ್ಟು ಬಾಯಿ ದಾಟಬೇಕಿತ್ತು ನೋಡಿ. ಹಡಗು ಕಂಪನಿ, ಕಾನ್ಸುಲೇಟು, ವಾಷಿಂಗ್ಟನ್ನಿನ ಪಾಪೆನ್, ಬರ್ಲಿನ್, ಶಾಂಘಾಯ್, ಬಟೇವಿಯಾ, ಹ್ಯಾರಿ ಆಂಡ್ ಸನ್ಸ್, ಅತುಲ್ ಘೋಷ್, ಕೊನೆಗೆ ದೋಣಿ. ಈ ಸರಪಳಿಯ ಮೊದಲರ್ಧದಲ್ಲಿ ತೀರ್ಮಾನ ಮಾಡುವ ಜಾಗದಲ್ಲಿ ಒಬ್ಬ ಭಾರತೀಯನೂ ಇರಲಿಲ್ಲ. ಆ ಜಾಗದಲ್ಲಿದ್ದವರಿಗೆ ಇದು ಹತ್ತು ಕೆಲಸದಲ್ಲಿ ಹನ್ನೊಂದನೆಯದು. ಕೊನೆಯ ಕೊಂಡಿಯಲ್ಲಿದ್ದವರಿಗೆ ಪ್ರಾಣ.

ಎರಡು ಹಡಗು ಏಪ್ರಿಲಿನಲ್ಲಿ ಸೇರಿದ್ದರೆ? 1915ರ ಆರಂಭದಲ್ಲಿ ಭಾರತದಲ್ಲಿ ಉಳಿದಿದ್ದ ಬ್ರಿಟಿಷ್ ಸೈನಿಕರು ಸುಮಾರು 15,000 ಅಂತ ವೈಸರಾಯ್ ಹಾರ್ಡಿಂಜ್ ಆಮೇಲೆ ಹೇಳಿದ. ಅದನ್ನು ಹಿಡಿದುಕೊಂಡು ಬ್ರಿಟಿಷ್ ರಾಜ್ಯ ಬಿದ್ದೇಹೋಗುತ್ತಿತ್ತು ಅನ್ನುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಹತ್ತು ಸಾವಿರ ಹಳೇ ಬಂದೂಕು ಇಳಿಸುವುದು ಒಂದು. ಹಿಡಿದು ಅಭ್ಯಾಸ ಇಲ್ಲದ ಕೈಗಳಿಗೆ ಕೊಟ್ಟು, ಗುಟ್ಟು ಬಯಲಾಗದ ಹಾಗೆ ನೋಡಿಕೊಂಡು, ಒಂದೇ ದಿನ ಏಳುವುದು ಇನ್ನೊಂದು. ಪಂಜಾಬಿನಲ್ಲಿ ಒಬ್ಬ ಕಿರ್ಪಾಲ್ ಸಿಂಗ್ ಸಾಕಾಯಿತಲ್ಲ.

ಸ್ಯಾನ್ ಫ್ರಾನ್ಸಿಸ್ಕೊದ ಕೋರ್ಟು

1917ರ ಏಪ್ರಿಲಿನಲ್ಲಿ ಅಮೆರಿಕವೂ ಯುದ್ಧಕ್ಕಿಳಿಯಿತು. ಅಲ್ಲಿವರೆಗೆ ನಿಧಾನವಾಗಿದ್ದ ತನಿಖೆಗೆ ಚುರುಕು ಬಂತು. ನವೆಂಬರ್ 20ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಚಾರಣೆ ಶುರುವಾಯಿತು. ಜರ್ಮನ್ ಕಾನ್ಸಲ್ ಜನರಲ್ ಫ್ರಾಂಟ್ಸ್ ಬಾಪ್, ಫಾನ್ ಬ್ರಿಂಕೆನ್, ಗದರ್ ಪಕ್ಷದ ರಾಮಚಂದ್ರ, ಭಗವಾನ್ ಸಿಂಗ್, ತಾರಕನಾಥ ದಾಸ್ ಎಲ್ಲರೂ ಒಂದೇ ಕಟಕಟೆಯಲ್ಲಿ. ಅಷ್ಟರಲ್ಲಿ ಗದರ್ ಪಕ್ಷವೇ ಒಡೆದಿತ್ತು. ಜರ್ಮನ್ ದುಡ್ಡು ರಾಮಚಂದ್ರರ ಜೇಬಿಗೆ ಹೋಯಿತು ಅನ್ನುವುದು ಎದುರು ಗುಂಪಿನ ಆರೋಪ.

1918ರ ಏಪ್ರಿಲಿನಲ್ಲಿ, ವಿಚಾರಣೆಯ ಕೊನೆಯ ದಿನ, ಆರೋಪಿಗಳಲ್ಲೇ ಒಬ್ಬನಾದ ರಾಮ್ ಸಿಂಗ್ ಕೋರ್ಟಿನೊಳಗೇ ಪಿಸ್ತೂಲು ತೆಗೆದು ರಾಮಚಂದ್ರರನ್ನು ಕೊಂದ. ಮಾರ್ಷಲ್ ಹೊಲೊಹನ್ ಅಲ್ಲೇ ರಾಮ್ ಸಿಂಗ್‌ಗೆ ಗುಂಡು ಹೊಡೆದ. ಒಟ್ಟು 29 ಮಂದಿಗೆ ಶಿಕ್ಷೆಯಾಯಿತು. ಬಾಪ್ ಮತ್ತು ಬ್ರಿಂಕೆನ್‌ಗೆ ಎರಡೆರಡು ವರ್ಷ, ತಾರಕನಾಥ ದಾಸ್‌ಗೆ 22 ತಿಂಗಳು. ಬ್ರಿಂಕೆನ್ ಶಿಕ್ಷೆ ಮುಗಿಸಿ ಹಾಲಿವುಡ್ ಸೇರಿ, ಸಿನಿಮಾಗಳಲ್ಲಿ ಜರ್ಮನ್ ಅಧಿಕಾರಿಯ ಪಾತ್ರ ಮಾಡಿಕೊಂಡು ಬದುಕಿದ. ಪಂಜಾಬಿನ ದಂಗೆಯಲ್ಲಿದ್ದ ಗದರ್ ಪಕ್ಷದ ಕರ್ತಾರ್ ಸಿಂಗ್ ಸರಾಭಾನನ್ನು 1915ರ ನವೆಂಬರ್ 16ಕ್ಕೇ ಲಾಹೋರಿನಲ್ಲಿ ನೇಣಿಗೆ ಹಾಕಿದ್ದರು. ವಯಸ್ಸು 19.

ಬಾಲಸೋರ್, ಆಮೇಲೆ ಗೋವಾ

1915ರ ಆಗಸ್ಟ್ 7ಕ್ಕೆ ಪೊಲೀಸರು ಹ್ಯಾರಿ ಆಂಡ್ ಸನ್ಸ್ ಮೇಲೆ ದಾಳಿ ಮಾಡಿದರು. ಅಲ್ಲಿಂದ ಸುಳಿವು ಹಿಡಿದು ಸೆಪ್ಟೆಂಬರ್ 4ಕ್ಕೆ ಬಾಲಸೋರಿನ ಯೂನಿವರ್ಸಲ್ ಎಂಪೋರಿಯಂ ಅನ್ನುವ ಅಂಗಡಿ, ಅದಕ್ಕೆ 20 ಮೈಲಿ ದೂರದ ಕಪ್ತಿಪದದ ಅಡಗುತಾಣ. ಅಲ್ಲಿ ಸಿಕ್ಕಿದ ಎರಡು ವಸ್ತು: ಸುಂದರಬನದ ಒಂದು ನಕ್ಷೆ, ಮತ್ತು ಮೇವರಿಕ್ ಬಗ್ಗೆ ಪಿನಾಂಗಿನ ಪತ್ರಿಕೆಯೊಂದರಲ್ಲಿ ಬಂದಿದ್ದ ಸುದ್ದಿಯ ತುಣುಕು. ಪಿನಾಂಗ್ ಬ್ರಿಟಿಷರ ವಸಾಹತು. ತಾವು ಕಾದ ಹಡಗಿನ ಸುದ್ದಿಯನ್ನು ಅವರು ಶತ್ರುವಿನ ಊರಿನ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದರು.

ಸೆಪ್ಟೆಂಬರ್ 9ಕ್ಕೆ ಬುಢಾಬಲಂಗ ನದಿ ಹತ್ತಿರ ಚಾಷಾಖಂಡದಲ್ಲಿ ಜತಿನ್ ಸೇರಿ ಐವರು ಸಿಕ್ಕಿಹಾಕಿಕೊಂಡರು. ಎದುರಿಗೆ ಕಲ್ಕತ್ತ ಪೊಲೀಸಿನ ಚಾರ್ಲ್ಸ್ ಟೆಗಾರ್ಟ್ ಸೇರಿ ಸಶಸ್ತ್ರ ಪೊಲೀಸರು. ಇವರ ಕೈಯಲ್ಲಿ ಮೌಸರ್ ಪಿಸ್ತೂಲು. ಚಿತ್ತಪ್ರಿಯ ರಾಯ್ ಚೌಧುರಿ ಅಲ್ಲೇ ಸತ್ತರು. ಜತಿನ್ ಮರುದಿನ ಬಾಲಸೋರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೋರಂಜನ ಸೇನಗುಪ್ತ, ನೀರೇಂದ್ರನಾಥ ದಾಸಗುಪ್ತ ಇಬ್ಬರಿಗೂ ನೇಣು. ಜ್ಯೋತಿಷ ಪಾಲ್‌ಗೆ ಗಡಿಪಾರು.

ಮಾರ್ಟಿನ್ ಆಗಸ್ಟ್ 15ಕ್ಕೇ ಮತ್ತೆ ಬಟೇವಿಯಾ ಕಡೆ ಹೊರಟಿದ್ದರು. ಅವರಿಂದ ಸುದ್ದಿ ಬರಲಿ ಅಂತ ಕಾಯುತ್ತಿದ್ದವರಲ್ಲಿ ಚಕ್ರಧರಪುರದ ಸೇತುವೆ ವಹಿಸಿಕೊಂಡಿದ್ದ ಭೋಲಾನಾಥ ಚಟರ್ಜಿಯೂ ಒಬ್ಬರು. ಪೋರ್ಚುಗೀಸರ ಗೋವಾಕ್ಕೆ ಬಂದು ಸೇರಿಕೊಂಡಿದ್ದರು. ಡಿಸೆಂಬರ್ 27ಕ್ಕೆ ಗೋವಾದಿಂದ ಬಟೇವಿಯಾಕ್ಕೆ ಬಿ. ಚಾಟರ್ಟನ್ ಅನ್ನುವ ಹೆಸರಿನಲ್ಲಿ ಒಂದು ತಂತಿ ಹೋಯಿತು. ಹೇಗಿದ್ದೀರಿ, ಸುದ್ದಿಯೇ ಇಲ್ಲ, ತುಂಬಾ ಚಿಂತೆಯಾಗಿದೆ. ಇಷ್ಟೇ ಮಾತು.

ಆ ತಂತಿಯ ಜಾಡು ಹಿಡಿದು ಪೊಲೀಸರು ಗೋವಾದಲ್ಲಿ ವಿಚಾರಿಸಿದರು. ಇಬ್ಬರು ಬಂಗಾಳಿಗಳು ಸಿಕ್ಕಿದರು, ಒಬ್ಬರು ಭೋಲಾನಾಥ. 1916ರ ಜನವರಿ 27ಕ್ಕೆ, ತಂತಿ ಕೊಟ್ಟು ಸರಿಯಾಗಿ ಒಂದು ತಿಂಗಳಿಗೆ, ಪುಣೆಯ ಜೈಲಿನಲ್ಲಿ ಅವರು ಪ್ರಾಣ ಕಳೆದುಕೊಂಡರು.